ಪಂಪಿನ ಪಾಸ್‌ವರ್ಡ್ 1234

ಇವತ್ತು ಬೆಳಿಗ್ಗೆ ಐದೂವರೆಗೆ ರಸ್ತೆಯಲ್ಲಿ ನೀರು ಹರಿಯುವ ಸದ್ದಿಗೆ ಎಚ್ಚರವಾಯಿತು. ಬಾವಿಗಳ ತಳ ಕಾಣುವ ಈ ಬೇಸಿಗೆಯಲ್ಲಿ, ನಮ್ಮ ಕುಡಿಯುವ ನೀರಿನ ಟ್ಯಾಂಕ್ ತುಂಬಿ ರಾತ್ರಿಯಿಡೀ ಸುರಿದಿತ್ತು.

ಪಂಪು ನೋಡಿಕೊಳ್ಳುವ ಅಣ್ಣ ತಾಯಿಯನ್ನು ಕರೆದುಕೊಂಡು ಮಂಗಳೂರಿನ ಆಸ್ಪತ್ರೆಗೆ ಹೋಗಿದ್ದರು. ಫೋನ್ ಸ್ವಿಚ್ ಆಫ್. ಶೆಡ್ಡಿನ ಕೀ ಅವರ ಹತ್ತಿರ. ಸಿಮ್ ಹಾಕಿದ, ಫೋನಿನಿಂದಲೇ ಪಂಪು ಓಡಿಸುವ ಮೊಬೈಲ್ ಸ್ಟಾರ್ಟರ್‌ಗೆ ನಾವು ಎಷ್ಟು ಕರೆ ಮಾಡಿದರೂ ಅದು ಅವರ ನಂಬರನ್ನು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ. ಎಂಟು ಗಂಟೆಗೆ ಬೀಗ ಒಡೆದು ಮೇನ್ ಸ್ವಿಚ್ ಆಫ್ ಮಾಡಿದೆವು. ಅವರ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಇಡೀ ಊರಿನ ನೀರನ್ನು ಒಬ್ಬರ ಜೇಬಿನಲ್ಲಿ ಇಟ್ಟವರು ನಾವು.

ಮಧ್ಯಾಹ್ನ ಅವರೇ ಫೋನ್ ಮಾಡಿ ಸ್ಟಾರ್ಟರಿನ ಪಾಸ್‌ವರ್ಡ್ ಹೇಳಿದರು. 1234. ಡಬ್ಬದಲ್ಲಿ ಬಂದದ್ದು ಹಾಗೇ ಇದೆ. ಆ ಸಿಮ್ಮಿನ ನಂಬರ್ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಸಿಗುತ್ತದೆ. ಇವೆರಡು ಗೊತ್ತಿದ್ದರೆ ಎಲ್ಲೋ ಕೂತವರು ಒಂದು ಮೆಸೇಜ್ ಕಳಿಸಿ ತಮ್ಮ ನಂಬರ್ ಸೇರಿಸಿಕೊಳ್ಳಬಹುದು. ಬೇಕಾದಾಗ ಪಂಪು ಓಡಿಸಬಹುದು, ನಿಲ್ಲಿಸಬಹುದು. ನೀರು ಕುಡಿಯುವ ನಮಗೆ ಮಾತ್ರ ಆಗಲಿಲ್ಲ.

‘ನಮ್ಮ ಟ್ಯಾಂಕಿನ ಮೇಲೆ ಯಾರು ಕಣ್ಣು ಹಾಕ್ತಾರೆ ಮಾರಾಯ?’ ಅಂತ ಒಬ್ಬರು ಕೇಳಿದರು. 2023ರ ನವೆಂಬರಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪ ಎಂಬ ಸಣ್ಣ ಊರಿನ ನೀರಿನ ಪಂಪಿಂಗ್ ಸ್ಟೇಷನ್ನಿಗೆ ಹ್ಯಾಕರ್‌ಗಳು ನುಗ್ಗಿದರು. ಅವರು ಹುಡುಕಿದ್ದು ಆ ಊರನ್ನಲ್ಲ, ಅಲ್ಲಿ ಪಂಪು ನಿಯಂತ್ರಿಸುವ ಯಂತ್ರವನ್ನು. ಯೂನಿಟ್ರಾನಿಕ್ಸ್ ಎಂಬ ಇಸ್ರೇಲಿ ಕಂಪನಿಯ ಆ ಕಂಟ್ರೋಲರ್‌ಗಳು ಬರುವಾಗಲೇ 1111 ಎಂಬ ಪಾಸ್‌ವರ್ಡ್ ಇರುತ್ತಿತ್ತು. ಅದನ್ನು ಬದಲಾಯಿಸದೆ ಇಂಟರ್ನೆಟ್ಟಿಗೆ ಜೋಡಿಸಿದ ಕಡೆಯೆಲ್ಲ ಬಾಗಿಲು ತೆರೆದಂತೆಯೇ. ಆದರೂ ಅಲ್ಲಿ ಜನರಿಗೆ ನೀರು ತಪ್ಪಲಿಲ್ಲ. ಅಲಾರಂ ಹೊಡೆಯಿತು, ಕೆಲಸದವರು ಹೋಗಿ ಕೈಯಿಂದಲೇ ಪಂಪು ನಡೆಸಿದರು. ನಮ್ಮಲ್ಲಿ ಕೈಯಿಂದ ನಡೆಸುವುದು ಹೇಗೆಂದು ಬಲ್ಲವರು ಒಬ್ಬರೇ, ಮತ್ತೆ ಅದೇ ಅಣ್ಣ.

ಅಮೆರಿಕದಲ್ಲಿ 2018ರ ಕಾನೂನಿನ ಪ್ರಕಾರ 3,300ಕ್ಕಿಂತ ಜಾಸ್ತಿ ಜನರಿಗೆ ನೀರು ಕೊಡುವವರು ಏನೇನು ಅಪಾಯ ಇದೆ, ಅದು ಬಂದರೆ ಏನು ಮಾಡಬೇಕು ಅಂತ ಬರೆದಿಡಬೇಕು, ಐದು ವರ್ಷಕ್ಕೊಮ್ಮೆ ತಿದ್ದಬೇಕು. ನಮ್ಮದು ಅಷ್ಟು ದೊಡ್ಡದಲ್ಲ, ನಿಜ. ಅದಕ್ಕೇ ನಮಗೆ ಒಂದು ಹಾಳೆ ಸಾಕು. ಆ ಒಂದು ಹಾಳೆಯೂ ಇಲ್ಲವಲ್ಲ!

ಒಂದು ವಿಷಯ ಹೇಳಲೇಬೇಕು. ಆ ಸ್ಟಾರ್ಟರ್ ಕೂರಿಸಿದ ದಿನ ನಮ್ಮ ನೀರಿನ ಸಮಿತಿಯ ಕಾರ್ಯದರ್ಶಿ ನಾನೇ. ‘ಪಾಸ್‌ವರ್ಡ್ ಆಮೇಲೆ ಬದಲಿಸಿಕೊಳ್ಳಿ ಸಾರ್’ ಅಂದಿದ್ದರು ಮೆಕ್ಯಾನಿಕ್. ಆಯ್ತು ಅಂದೆ. ಎರಡು ವರ್ಷ ಆ ಕುರ್ಚಿಯಲ್ಲಿದ್ದೆ, ಬದಲಿಸಲಿಲ್ಲ. ಬೆಳಿಗ್ಗೆಯಿಂದ ಅದು ಚುಚ್ಚುತ್ತಲೇ ಇದೆ.

ಅಜ್ಜನ ಕಾಲದಲ್ಲಿ ಗುಡ್ಡ ಕೊರೆದ ಸುರಂಗದಿಂದ ನೀರು ತಾನಾಗಿ ಇಳಿದು ಬರುತ್ತಿತ್ತು. ಸುರಂಗದ ಬಾಯಿ ಎಲ್ಲಿ, ಕಸ ಕಟ್ಟಿದರೆ ಏನು ಮಾಡಬೇಕು ಅಂತ ಮನೆಯ ಮಕ್ಕಳಿಗೂ ಗೊತ್ತಿತ್ತು. ಈಗ ನಮ್ಮ ಪೈಪು ಎಲ್ಲಿ ಹಾದುಹೋಗುತ್ತದೆ ಅಂತ ನನಗೇ ಗೊತ್ತಿಲ್ಲ.

ಪಾಸ್‌ವರ್ಡ್ ಇವತ್ತೇ ಬದಲಿಸಿದೆವು. ಇನ್ನೂ ಇಬ್ಬರ ನಂಬರ್ ಸೇರಿಸಿದೆವು. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಬರಬೇಕು. ಕೀ ಎರಡು ಮನೆಯಲ್ಲಿರಲಿ. ಪಂಪು ಕೆಟ್ಟರೆ ಯಾರ ಬಾವಿಯಿಂದ ನೀರು, ಆ ಬಾವಿಗೆ 1000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಬ್ಲೀಚಿಂಗ್ ಪೌಡರ್ ಹಾಕುವವರು ಯಾರು, ‘ಇವತ್ತು ನೀರು ಕುಡಿಯಬೇಡಿ’ ಅಂತ ಮನೆಮನೆಗೆ ತಿಳಿಸುವವರು ಯಾರು, ಎಲ್ಲ ಆ ಹಾಳೆಯಲ್ಲಿರಲಿ. ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ನಮ್ಮ ಅಜ್ಜಿಯಂದಿರು ಓದುವುದು ಕನ್ನಡವನ್ನೇ ಅಲ್ವಾ?

ಭಾನುವಾರ ಸಂಜೆ ನಾಲ್ಕಕ್ಕೆ ಪಂಪ್‌ಶೆಡ್ಡಿನ ಹತ್ತಿರ ಬನ್ನಿ. ವಾಲ್ವ್‌ಗಳ ನಕ್ಷೆ ಬರೆಯಲು ಕೂತಿದ್ದೇನೆ, ಎರಡು ಸಿಕ್ಕಿವೆ. ಮೂರನೆಯದು ರಸ್ತೆ ಡಾಮರು ಹಾಕುವಾಗ ಮುಚ್ಚಿಹೋಗಿದೆಯಂತೆ. ಅದು ಎಲ್ಲಿತ್ತು ಅಂತ ನೆನಪಿರುವವರು ದಯವಿಟ್ಟು ಅದಕ್ಕೂ ಮೊದಲೇ ನನಗೆ ಫೋನ್ ಮಾಡಿ.