ಮೊದಲು ಹಾಲು ಕೊಡಿ ಸ್ವಾಮಿ

ಈಗ ತಾನೇ ಚರ್ಚಿನ ಧ್ಯಾನಕೂಟ ಮುಗಿಸಿ ಬಂದೆ. ಕಾಲು ತೊಳೆದಿಲ್ಲ, ಕಾಫಿ ಕುಡಿದಿಲ್ಲ, ನೇರ ಬರೆಯೋಕೆ ಕೂತಿದ್ದೇನೆ. ಸಿಟ್ಟು ಇಳಿದರೆ ನಾನು ಬರೆಯುವವಳಲ್ಲ.

ಹೊರಗಿನಿಂದ ಬಂದಿದ್ದ ಪ್ರಬೋಧಕರು ಒಂದೂವರೆ ಗಂಟೆ ನಮ್ಮನ್ನು ಬೈದರು. ಮೊಬೈಲ್ ನೋಡ್ತೀರಿ, ಜಪಸರ ಮಾಡಲ್ಲ, ಮಕ್ಕಳನ್ನು ಕೆಡಿಸಿದ್ದೀರಿ, ನಿಮ್ಮದು ಕಲ್ಲು ಹೃದಯ. ಬಸ್ ತಪ್ಪಿ ತಡವಾಗಿ ಬಂದ ಅಜ್ಜಿಯೊಬ್ಬರನ್ನು ಮೈಕ್‌ನಲ್ಲೇ ತಡೆದು, ‘ಮದುವೆ ಊಟಕ್ಕಾದರೆ ಬೇಗ ಹೋಗ್ತಿದ್ರಿ ಅಲ್ವಾ?’ ಅಂದರು. ಆಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಂಬದ ಹಿಂದೆ ನಿಂತುಬಿಟ್ಟರು. ಕುರ್ಚಿ ಖಾಲಿ ಇತ್ತು, ಕೂರಲಿಲ್ಲ. ಅಲ್ಲಿಂದ ಮುಂದೆ ನನ್ನ ತಲೆಗೆ ಒಂದಕ್ಷರವೂ ಹೋಗಲಿಲ್ಲ.

ನನಗೆ ನೆನಪಾಗಿದ್ದು ಏಳನೇ ಶತಮಾನದ ಸಂತ ಐಡನ್. (ಸಂತರ ಕಥೆ ಶುರುವಾಯ್ತು ಅಂತ ನಗಬೇಡಿ. ನನ್ನ ಹುಚ್ಚು ನಿಮಗೆ ಗೊತ್ತಿರೋದೇ.)

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಆಗ ನಾರ್ಥಂಬ್ರಿಯಾ ಅಂತ ಒಂದು ರಾಜ್ಯ ಇತ್ತು. ಅಲ್ಲಿನ ರಾಜ ಓಸ್ವಾಲ್ಡ್, ನಮ್ಮ ಜನಕ್ಕೆ ಬೋಧನೆ ಮಾಡೋರನ್ನು ಕಳಿಸಿ ಅಂತ ಸ್ಕಾಟ್ಲೆಂಡ್ ಪಕ್ಕದ ಅಯೋನಾ ದ್ವೀಪದಲ್ಲಿದ್ದ ಐರಿಷ್ ಸನ್ಯಾಸಿಗಳ ಮಠವನ್ನು ಕೇಳಿದ. ಮೊದಲು ಬಂದವನು ಬಲು ಕಟುವಾದ ಮನುಷ್ಯ. ಜನ ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ವಾಪಸ್ ಹೋಗಿ, ಅವರು ಒರಟರು, ಮೊಂಡರು, ಕಲಿಸೋಕೆ ಆಗಲ್ಲ ಅಂತ ಮಠದ ಸಭೆಯಲ್ಲಿ ದೂರು ಹೇಳಿದ. ನೋಡಿ, ತಪ್ಪು ಜನರದ್ದೇ!

ಆಗ ಸಭೆಯಲ್ಲಿ ಕೂತಿದ್ದ ಐಡನ್ ಬಾಯಿ ಬಿಟ್ಟ. ಅಣ್ಣಾ, ಏನೂ ತಿಳಿಯದ ಜನರ ಮೇಲೆ ನೀನೇ ಜಾಸ್ತಿ ಗಡುಸಾದೆ ಅನ್ನಿಸುತ್ತೆ, ಎಳೆಯರಿಗೆ ಮೊದಲು ಹಾಲು ಕೊಡಬೇಕಿತ್ತು ಅಂದ. ಎಲ್ಲರೂ ಅವನ ಕಡೆ ತಿರುಗಿದರು. ಅವನನ್ನೇ ಬಿಷಪ್ ಮಾಡಿ ಕಳಿಸಿದರು. ಇದು 635ರ ಮಾತು. ಇದನ್ನೆಲ್ಲ 731ರಲ್ಲಿ ಬರೆದಿಟ್ಟ ಬೀಡ್ ಅನ್ನೋ ಸನ್ಯಾಸಿ, ಆ ಮೊದಲನೆಯವನ ಹೆಸರನ್ನೂ ಹೇಳಿಲ್ಲ. ಮರ್ಯಾದೆ ಉಳಿಸಿದ ಅನ್ಕೋತೀನಿ.

ಐಡನ್‌ಗೆ ಅಲ್ಲಿನ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಅವನು ಐರಿಷ್‌ನಲ್ಲಿ ಹೇಳಿದ್ದನ್ನು ಸ್ವತಃ ರಾಜ ಓಸ್ವಾಲ್ಡ್ ನಿಂತು ತನ್ನ ಸರದಾರರಿಗೆ ಅನುವಾದ ಮಾಡುತ್ತಿದ್ದನಂತೆ. ಭಾಷೆ ಬಾರದವನ ಮಾತನ್ನು ಜನ ಕೇಳಿದರು. ನಮ್ಮವರಿಗೆ ಭಾಷೆಯೂ ಬರುತ್ತೆ, ಮೈಕೂ ಇರುತ್ತೆ.

ಅವನು ಇದ್ದದ್ದು ಲಿಂಡಿಸ್‌ಫಾರ್ನ್‌ನಲ್ಲಿ. ದಿನಕ್ಕೆರಡು ಸಲ ಸಮುದ್ರ ಉಕ್ಕಿ ದ್ವೀಪವಾಗೋ ಜಾಗ. ಅಲ್ಲಿಂದ ಊರೂರು ನಡೆದೇ ಹೋಗುತ್ತಿದ್ದ, ದಾರೀಲಿ ಸಿಕ್ಕವರನ್ನು ಮಾತಾಡಿಸುತ್ತಿದ್ದ. ಆಮೇಲೆ ಬಂದ ರಾಜ ಓಸ್ವಿನ್‌ಗೆ ನೋಡೋಕಾಗದೆ, ಹೊಳೆ ದಾಟೋಕಾದರೂ ಇರಲಿ ಅಂತ ಒಳ್ಳೇ ಕುದುರೆ ಕೊಟ್ಟ. ಐಡನ್ ಅದನ್ನು ಜೀನು ಲಗಾಮಿನ ಸಮೇತ ಭಿಕ್ಷುಕನಿಗೆ ಕೊಟ್ಟುಬಿಟ್ಟ! ಕಡಿಮೆ ಬೆಲೆಯ ಕುದುರೆ ಬೇರೆ ಇರಲಿಲ್ವಾ ಅಂತ ರಾಜ ಕೇಳಿದರೆ, ‘ನಿನಗೆ ಆ ಕುದುರೆ ಮಗ ಹೆಚ್ಚೋ, ಈ ದೇವರ ಮಗ ಹೆಚ್ಚೋ?’ ಅಂದ. ರಾಜ ಬೇಟೆಯಿಂದ ಬಂದವನು, ಬೆಂಕಿ ಕಾಯಿಸುತ್ತಾ ನಿಂತು ಯೋಚಿಸಿದ. ಆಮೇಲೆ ಸೊಂಟದ ಕತ್ತಿ ಬಿಚ್ಚಿ ಸೇವಕನಿಗೆ ಕೊಟ್ಟು, ಬಂದು ಐಡನ್‌ನ ಕಾಲಿಗೆ ಬಿದ್ದ.

‘ಮೇಡಂ, ಬೈಯದಿದ್ದರೆ ಜನ ದಾರಿಗೆ ಬರ್ತಾರಾ?’ ಅಂತ ಕಾಮೆಂಟ್ ಹಾಕೋರು ಇದ್ದೇ ಇರ್ತೀರಿ. ಐಡನ್ ಕೂಡ ಬೈಯುತ್ತಿದ್ದ ಕಣ್ರೀ. ಆದರೆ ತಪ್ಪು ಮಾಡಿದ ಶ್ರೀಮಂತರನ್ನು, ಹೆದರಿಕೆ ದಾಕ್ಷಿಣ್ಯ ಇಲ್ಲದೆ. ಅವರಿಗೆ ಹಣ ಕೊಟ್ಟು ಓಲೈಸುತ್ತಿರಲಿಲ್ಲ, ಬಂದರೆ ಊಟ ಹಾಕುತ್ತಿದ್ದ, ಅಷ್ಟೇ. ಅವರು ಕೊಟ್ಟ ದುಡ್ಡಿನಲ್ಲಿ ಅನ್ಯಾಯವಾಗಿ ಮಾರಾಟವಾದ ಗುಲಾಮರನ್ನು ಬಿಡಿಸುತ್ತಿದ್ದ, ಅವರಲ್ಲಿ ಕೆಲವರನ್ನು ಓದಿಸಿ ಪಾದ್ರಿ ಮಾಡಿದ. ಇವತ್ತು ಅಜ್ಜಿ ಆದಮೇಲೆ ಅರ್ಧ ಗಂಟೆ ತಡವಾಗಿ ದೊಡ್ಡ ಕಾರಿನಲ್ಲಿ ಬಂದವರಿಗೆ ನಮ್ಮ ಪ್ರಬೋಧಕರು ಮುಂದಿನ ಸಾಲು ತೋರಿಸಿದರು. ನಗುನಗುತ್ತಾ.

ಈಸ್ಟರ್ ದಿನದ ಲೆಕ್ಕದಲ್ಲಿ ಐಡನ್ ಮಾಡಿದ್ದು ತಪ್ಪು ಅಂತ ಬೀಡ್‌ಗೆ ಸಿಕ್ಕಾಪಟ್ಟೆ ಅಸಮಾಧಾನ. ಆದರೂ ಅವನನ್ನು ಬಾಯ್ತುಂಬ ಹೊಗಳಿದ್ದಾನೆ. ಹೇಳಿದಂತೆಯೇ ಬದುಕಿದ ಅನ್ನೋದೇ ಮುಖ್ಯ ಹೊಗಳಿಕೆ. 651ರ ಆಗಸ್ಟ್ 31ರಂದು ಚರ್ಚಿನ ಹೊರಗೋಡೆಗೆ ಕಟ್ಟಿದ ಒಂದು ಡೇರೆಯಲ್ಲಿ, ಆಸರೆ ಮರಕ್ಕೆ ಒರಗಿಕೊಂಡು ಪ್ರಾಣ ಬಿಟ್ಟ. ಓಸ್ವಿನ್‌ನ ಕೊಲೆಯಾಗಿ ಆಗ ಹನ್ನೆರಡೇ ದಿನ.

ಇಷ್ಟೆಲ್ಲ ಬರೆದು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಹೇಳಲೇಬೇಕು. ನನ್ನ ಮನೆ ಟ್ಯೂಷನ್‌ನಲ್ಲಿ ಹೋದ ತಿಂಗಳು ಒಬ್ಬ ಹುಡುಗನಿಗೆ ಭಿನ್ನರಾಶಿ ಹತ್ತಲಿಲ್ಲ. ಎಲ್ಲರ ಮುಂದೆ ‘ನಿನ್ನ ತಲೇಲಿ ಸಗಣಿ ಇದೆಯಾ’ ಅಂದೆ. ಮರುದಿನದಿಂದ ಅವನು ಬರಲಿಲ್ಲ. ಹುಡುಗರು ಮೊಂಡರು ಬಿಡಿ ಅಂತ ಯಜಮಾನರಿಗೆ ಹೇಳಿದ್ದೆ. ಅಯೋನಾಗೆ ವಾಪಸ್ ಹೋದವನು ಹೇಳಿದ್ದೂ ಅದೇ ಅಲ್ವಾ.

ಅವನ ಜಾಮಿಟ್ರಿ ಬಾಕ್ಸ್ ಇಲ್ಲೇ ಕಿಟಕಿ ಮೇಲಿದೆ. ಅವರಮ್ಮನ ನಂಬರ್ ಎರಡು ಸಲ ಒತ್ತಿ ಕಟ್ ಮಾಡಿದ್ದೇನೆ.