ಶ್ವಾಸಕೋಶಕ್ಕೂ ಒಂದು ಬಾಣಂತನ ಬೇಕು

ನಮ್ಮ ಕಡೆ ಹೆರಿಗೆಯಾದರೆ ಮನೆಗೆ ಮನೆಯೇ ಅಣಿಯಾಗುತ್ತದೆ. ಬಾಣಂತಿಗೆ ಬೇರೆ ಕೋಣೆ, ಎಣ್ಣೆ ತಿಕ್ಕಿ ನೀರು ಹಾಕಲು ಗೊತ್ತಿರುವವರೊಬ್ಬರು, ಇಂಥದ್ದು ತಿನ್ನಬೇಕು ಇಂಥದ್ದು ಮುಟ್ಟಬಾರದು ಎಂಬ ಪಥ್ಯ, ಮೂರು ತಿಂಗಳೋ ಐದು ತಿಂಗಳೋ ತವರಲ್ಲಿ ವಿಶ್ರಾಂತಿ. ಅದರ ಎಲ್ಲ ಕಟ್ಟುಪಾಡುಗಳನ್ನೂ ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು. ಆದರೆ ಮೈ ಮೊದಲಿನಂತಾಗಲು ತಿಂಗಳುಗಳು ಬೇಕು, ಅಲ್ಲಿಯವರೆಗೆ ಅವಳ ಕೆಲಸವನ್ನು ಬೇರೆಯವರು ಮಾಡಬೇಕು ಅನ್ನುವುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಮನೆಯ ಹೆಂಗಸೊಬ್ಬಳು ನ್ಯುಮೋನಿಯಾ ಆಗಿ, ಐಸಿಯುನಲ್ಲಿ ಆಕ್ಸಿಜನ್ ಹಾಕಿಸಿಕೊಂಡು, ಬದುಕಿ ಮನೆಗೆ ಬಂದರೆ? "ಡಿಸ್ಚಾರ್ಜ್ ಆಯ್ತಲ್ಲ, ಇನ್ನೇನು ಹುಷಾರಾದ ಹಾಗೇ!"

ಈ ಮಾತು ಈ ಮಳೆಗಾಲದಲ್ಲಿ ನಾನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ. ತೀರ್ಥಹಳ್ಳಿ ಹತ್ತಿರದ ನಮ್ಮೂರಿಂದ ನ್ಯುಮೋನಿಯಾ ಆಗಿದ್ದ ಅಮ್ಮನನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಒಂದು ಪೂರ್ತಿ ವಾಕ್ಯ ಹೇಳಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಡಾಕ್ಟರು, ನರ್ಸುಗಳು ಉಳಿಸಿಕೊಟ್ಟರು, ಅವರ ಋಣ ದೊಡ್ಡದು. ಆದರೆ ಮನೆಗೆ ಕಳಿಸುವಾಗ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಮಾತ್ರೆಗಳ ಹೆಸರು ಮತ್ತು ಒಂದು ವಾರ ಬಿಟ್ಟು ಬನ್ನಿ ಅನ್ನುವ ಒಂದು ಸಾಲು, ಅದೂ ಇಂಗ್ಲಿಷಿನಲ್ಲಿ. ಆ ಒಂದು ವಾರ ಹೇಗಿರಬೇಕು, ಅದರ ನಂತರದ ತಿಂಗಳುಗಳು ಹೇಗಿರುತ್ತವೆ ಎಂದು ಯಾರೂ ಕೂತು ಹೇಳಲಿಲ್ಲ.

ನ್ಯುಮೋನಿಯಾ ಅಂದರೆ ಶ್ವಾಸಕೋಶದ ಗಾಳಿಚೀಲಗಳಲ್ಲಿ ಗಾಳಿಯ ಜಾಗಕ್ಕೆ ನೀರು, ಕೀವು ತುಂಬಿಕೊಳ್ಳುವುದು. ಬ್ಯಾಕ್ಟೀರಿಯಾದಿಂದ ಬಂದದ್ದಾದರೆ ಆಂಟಿಬಯಾಟಿಕ್ ಅದನ್ನು ಕೊಲ್ಲುತ್ತದೆ, ಅಷ್ಟೇ. ಒಳಗೆ ಉಳಿದ ಕಸವನ್ನು ಬಳಿದು ಹೊರಹಾಕುವ ಕೆಲಸ ಮೈಯದೇ. ಜ್ವರ ಬಿಟ್ಟು ವಾರಗಳಾದರೂ ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಕಾಣುವುದು ಇದಕ್ಕೇ. ಐವತ್ತು ದಾಟಿದವರಲ್ಲಿ, ಬೀಡಿ ಸಿಗರೇಟು ಸೇದಿದವರಲ್ಲಿ ಅದು ಇನ್ನೂ ನಿಧಾನ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ತನ್ನ ರೋಗಿಗಳಿಗೆ ಒಂದು ಅಂದಾಜು ಕೊಡುತ್ತದೆ: ವಾರದಲ್ಲಿ ಜ್ವರ ಹೋಗಬೇಕು, 4 ವಾರಕ್ಕೆ ಎದೆನೋವು, ಕಫ ಕಡಿಮೆಯಾಗಬೇಕು, 6 ವಾರಕ್ಕೆ ಕೆಮ್ಮು, ಏದುಸಿರು ಇಳಿಯಬೇಕು. 3 ತಿಂಗಳಿಗೆ ಬಹುತೇಕ ಎಲ್ಲವೂ ಹೋಗಿರುತ್ತದೆ, ಸುಸ್ತು ಮಾತ್ರ ಇರಬಹುದು. ಪೂರ್ತಿ ಮೊದಲಿನಂತಾಗಲು 6 ತಿಂಗಳು. ಲೆಕ್ಕ ಹಾಕಿ ನೋಡಿ, ಒಂದು ಒಳ್ಳೆಯ ಬಾಣಂತನಕ್ಕಿಂತ ಹೆಚ್ಚೇ ಆಯಿತು.

ಇದನ್ನು ಓದಿ ಹೇಳಿದ ಮೇಲೆ ಅಮ್ಮನ ಮುಖದಲ್ಲಿ ಒಂದು ಸಮಾಧಾನ ಕಂಡೆ. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಕಾಲು ನಡುಗುತ್ತಿದ್ದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಸೋಮಾರಿ ಅಂದುಕೊಳ್ಳುತ್ತಾರೆ ಅನ್ನುವ ಭಯ. ಅರವತ್ತು ದಾಟಿದ, ನಲವತ್ತು ವರ್ಷ ಆ ಮನೆಯನ್ನು ಎತ್ತಿ ಹಿಡಿದ ಹೆಂಗಸಿಗೆ ಸೋಮಾರಿ ಅನ್ನಿಸಿಕೊಳ್ಳುವ ಭಯ! ನನಗೆ ಸಿಟ್ಟು ಬರುವುದು ಇಲ್ಲೇ. ಮನೆಗೆ ಬಂದ ಎರಡನೇ ಬೆಳಗ್ಗೆಯೇ ಬಚ್ಚಲ ಒಲೆಗೆ ಬೆಂಕಿ ಹಾಕಲು ಎದ್ದಿದ್ದಳು. "ಮಲಗೇ ಇದ್ರೆ ಮೈ ಜಡ ಆಗ್ತದೆ ಕಣೇ, ಇದೇನು ಭಾರದ ಕೆಲಸವಾ" ಅಂದಳು. ಮಳೆಯಲ್ಲಿ ನೆಂದ ಸೌದೆ, ಅಡಿಕೆ ಸೋಗೆ, ಕಿಟಕಿ ಮುಚ್ಚಿದ ಬಚ್ಚಲು. ಆ ಹೊಗೆಯಲ್ಲಿ ಗಟ್ಟಿಮುಟ್ಟಾದವರೇ ಕೆಮ್ಮುತ್ತಾರೆ. ಅವತ್ತಿನಿಂದ ಒಲೆ ಅಪ್ಪನ ಪಾಲಿಗೆ ಬಂತು, ಅನ್ನ ಸಾರೂ ಅವರ ಮತ್ತು ನನ್ನ ಪಾಲಿಗೆ. ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ ಎಲ್ಲ ಬಂದ್. ಬಾಣಂತನದ ಹೊಗೆ ಹಾಕುವ ಭಾಗವೊಂದನ್ನು ಮಾತ್ರ ಈ ಬಾಣಂತನಕ್ಕೆ ತರಬಾರದು.

ಮೈ ಜಡವಾಗುತ್ತದೆ ಅನ್ನುವ ಅವಳ ಮಾತು ಸುಳ್ಳಲ್ಲ. ಹಾಸಿಗೆ ಹಿಡಿದ ವಯಸ್ಸಾದವರ ಸ್ನಾಯು ಬೇಗ ಕರಗುತ್ತದೆ. ಹಗಲು ಆದಷ್ಟು ಹೊತ್ತು ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಕೂರುವುದು, ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುವುದು, ನಿನ್ನೆಗಿಂತ ಇವತ್ತು ಸ್ವಲ್ಪ ಜಾಸ್ತಿ, ಏದುಸಿರು ಬಂದರೆ ನಿಂತುಕೊಳ್ಳುವುದು. ಮೂಗಿನಿಂದ ಉಸಿರೆಳೆದು, ದೀಪ ಆರಿಸುವಾಗಿನಂತೆ ತುಟಿ ಚೂಪು ಮಾಡಿ ನಿಧಾನ ಬಿಡುವುದು. ಉಸಿರಾಟದ ವ್ಯಾಯಾಮಕ್ಕೆಂದು ಆಸ್ಪತ್ರೆಯಲ್ಲಿ ಕೊಡುವ ಆ ಮೂರು ಚೆಂಡಿನ ಪ್ಲಾಸ್ಟಿಕ್ ಉಪಕರಣ ಎಷ್ಟೋ ಮನೆಗಳಲ್ಲಿ ಕಪಾಟು ಸೇರಿದೆ. ಸೇರದಿದ್ದ ಕಡೆ ಅದರೊಳಗೆ ಊದುವವರನ್ನು ನೋಡಿದ್ದೇನೆ. ಅದು ಉಸಿರನ್ನು ಒಳಗೆ ಎಳೆದುಕೊಳ್ಳಲು ಇರುವುದು. ಇದನ್ನು ಹೇಳಿಕೊಡಲು ಎರಡು ನಿಮಿಷ ಸಾಕು, ಆ ಎರಡು ನಿಮಿಷವೇ ಸಿಗುವುದಿಲ್ಲ. ಕೆಮ್ಮನ್ನು ಹತ್ತಿಕ್ಕುವ ಸಿರಪ್ಪನ್ನು ಕೇಳದೆ ತಂದು ಕುಡಿಸುವುದೂ ತಪ್ಪು. ಕಫ ಹೊರಬರಲು ಕೆಮ್ಮು ಬೇಕು.

ಊಟದ ವಿಷಯ ಬಂದರೆ ಎಲ್ಲರೂ ವೈದ್ಯರೇ. ಮೊಸರು ಶೀತ, ಬಾಳೆಹಣ್ಣು ಶೀತ, ಮೊಟ್ಟೆ ಉಷ್ಣ, ಬೇಳೆ ವಾಯು. ಎಲ್ಲ ಕಳೆದು ಉಳಿದದ್ದು ಗಂಜಿ ಮತ್ತು ಬ್ರೆಡ್ಡು. ಬಾಯಿ ಕೆಟ್ಟಿರುವ ಮೊದಲ ದಿನಗಳಿಗೆ ಗಂಜಿ ಅಮೃತವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರಗಿದ ಸ್ನಾಯು ಗಂಜಿಯಿಂದ ಮರಳಿ ಬರುವುದಿಲ್ಲ. ಹೆಸರುಬೇಳೆ ತೊವ್ವೆ, ಹುರುಳಿಕಟ್ಟು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ ಬೇಕು. ಒಂದೇ ಸಲ ಉಣ್ಣಲಾಗದಿದ್ದರೆ ಸ್ವಲ್ಪ ಸ್ವಲ್ಪವೇ ಐದಾರು ಸಲ.

ಇನ್ನು ನೋಡಿಕೊಂಡು ಹೋಗಲು ಬರುವವರು. ಪ್ರೀತಿಯಿಂದಲೇ ಬರುತ್ತಾರೆ, ಎಳನೀರು, ಮೂಸಂಬಿ ತರುತ್ತಾರೆ. ಆದರೆ ಬಂದ ಪ್ರತಿಯೊಬ್ಬರಿಗೂ ಅಮ್ಮ ಮೊದಲಿನಿಂದ ಕಥೆ ಹೇಳಬೇಕು, ಮಾತಾಡುವುದೇ ಅವಳಿಗೆ ದಣಿವು. ಸೋರುವ ಮೂಗಿನ ಮಗುವನ್ನು ತಂದು "ಅಜ್ಜಿಗೆ ಟಾಟಾ ಮಾಡು" ಅಂದವರೂ ಇದ್ದರು. ನಾನು ಬಾಗಿಲಲ್ಲೇ ಕೈಮುಗಿದು, ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು ಕಳಿಸಿದೆ. ಕೆಲವರಿಗೆ ಬೇಸರವಾಯಿತು. ಆಗಲಿ. ಬಾಣಂತಿ ಕೋಣೆಗೆ ಯಾರೂ ಹೀಗೆ ನುಗ್ಗುವುದಿಲ್ಲವಲ್ಲ?

ಇಷ್ಟೆಲ್ಲ ಮಾಡಲು ನಮಗೆ ಅನುಕೂಲವಿತ್ತು. ನನಗೆ ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತು, ಅಪ್ಪ ಇದ್ದರು. ನಮ್ಮ ತೋಟಕ್ಕೆ ಬರುವ ಹೆಂಗಸರಿಗೆ ಇದೇ ಕಾಯಿಲೆ ಬಂದರೆ? ಬಾಣಂತಿಯರಿಗೆ ಕಾನೂನು 26 ವಾರದವರೆಗೆ ಸಂಬಳದ ರಜೆ ಕೊಡುತ್ತದೆ, ಅದೂ ಕಾನೂನಿನ ವ್ಯಾಪ್ತಿಗೆ ಬರುವ ಸಂಸ್ಥೆಗಳಲ್ಲಿ ಮಾತ್ರ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿದ್ದು ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐಗೆ ಸೇರಿದವರಿಗೆ ಕಾಯಿಲೆ ಬಿದ್ದಾಗ ವರ್ಷದಲ್ಲಿ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ನಮ್ಮ ತೋಟದ ದಿನಗೂಲಿಯವಳಿಗೆ ಇವೆರಡೂ ಇಲ್ಲ. ಆಯುಷ್ಮಾನ್ ಕಾರ್ಡಿನಲ್ಲಿ ಡಿಸ್ಚಾರ್ಜ್ ನಂತರದ 15 ದಿನದ ಔಷಧಿ, ತಪಾಸಣೆ ಸೇರಿದೆ, ಆದರೆ ಅಷ್ಟು ದಿನದ ಅನ್ನಕ್ಕೆ ಯಾವ ಕಾರ್ಡೂ ಇಲ್ಲ. ತೋಟದ ಮಾಲೀಕರು ನಾವೇ ಅದರ ಒಂದು ಪಾಲು ಹೊರಬೇಕು ಅನ್ನುವುದು ನನ್ನ ನಿಲುವು. ಮನೆಯಲ್ಲೂ ಅದನ್ನೇ ಹೇಳಿದ್ದೇನೆ.

ಆಸ್ಪತ್ರೆಗಳಲ್ಲಿ ನನ್ನ ಕೋರಿಕೆ ಒಂದೇ. ಡಿಸ್ಚಾರ್ಜ್ ಚೀಟಿಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಎಷ್ಟು ತಿಂಗಳು ಸುಸ್ತು ಇರಬಹುದು ಎಂದು ಅದರಲ್ಲಿರಲಿ. ಆಂಟಿಬಯಾಟಿಕ್ ಅರ್ಧಕ್ಕೆ ಬಿಡಬಾರದು ಎಂದಿರಲಿ. ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಮೀಟರನ್ನು ಐದು ನಿಮಿಷ ಕೂತ ಮೇಲೆ, ಬೆಚ್ಚಗಿನ, ಮೆಹಂದಿ ಮತ್ತು ನೈಲ್ ಪಾಲಿಶ್ ಇಲ್ಲದ ಬೆರಳಿಗೆ ಹಾಕಬೇಕು, ಈ ರೋಗಿಗೆ ಎಷ್ಟಕ್ಕಿಂತ ಇಳಿದರೆ ಫೋನ್ ಮಾಡಬೇಕು ಎಂದು ಪೆನ್ನಿನಲ್ಲಿ ಬರೆದುಕೊಡಿ. ಮತ್ತೆ ಜ್ವರ, ಕಫದಲ್ಲಿ ರಕ್ತ, ಕೂತಲ್ಲೇ ಏದುಸಿರು, ನಿಮಿಷಕ್ಕೆ 30 ದಾಟಿದ ಉಸಿರಾಟ ಕಂಡರೆ ಕಾಯಬಾರದು ಎಂದಿರಲಿ. ವಯಸ್ಸಾದವರು ಜ್ವರವೇ ಇಲ್ಲದೆ ಇದ್ದಕ್ಕಿದ್ದಂತೆ ಗಲಿಬಿಲಿಯಿಂದ ಮಾತಾಡಿದರೆ ಅದೂ ಅಪಾಯವೇ ಎಂದು ದಪ್ಪಕ್ಷರದಲ್ಲಿ ಇರಲಿ, ಅರಳುಮರಳು ಎಂದು ಮನೆಯವರು ಸುಮ್ಮನಾಗಿಬಿಡುತ್ತಾರೆ. ಕೆಮ್ಮು ಹೋಗದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿಗೆ ಕಫ ಪರೀಕ್ಷೆ ಉಚಿತ ಎಂದೂ ಬರೆಯಿರಿ. 6 ವಾರಕ್ಕೆ ಮತ್ತೊಂದು ಎಕ್ಸ್‌ರೇ ಬೇಕೇ, ಫ್ಲೂ ಲಸಿಕೆ ಮತ್ತು ಒಂದು ಬಗೆಯ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ಯಾವಾಗ ಎಂದು ಬರೆದು, ಕೆಳಗೆ ಹಗಲೂ ರಾತ್ರಿ ಎತ್ತುವ ಒಂದು ಫೋನ್ ನಂಬರ್ ಹಾಕಿ. ಕೊಡುವಾಗ ಆ ಹಾಳೆಯನ್ನು ರೋಗಿಯ ಕೈಗಷ್ಟೇ ಕೊಡಬೇಡಿ. ಮನೆಯಲ್ಲಿ ನಾಳೆಯಿಂದ ಅಡುಗೆ ಮಾಡುವವರು ಯಾರು ಎಂದು ಕೇಳಿ, ಅವರನ್ನೂ ಕೂರಿಸಿಕೊಂಡು ಓದಿ ಹೇಳಿ.