ಸತ್ಯಾಂಶ: ವಾಂತಿ ಆದಷ್ಟೂ ಕೊಬ್ಬು ಕರಗುತ್ತಾ?

"ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಂಡವರಿಗೆ ವಾಂತಿ ಆದಷ್ಟೂ ಕೊಬ್ಬು ಕರಗುತ್ತೆ, ತಡ್ಕೊಳ್ಳಿ." ಕೋಲಾರದ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುತ್ತಿರುವ ಮೆಸೇಜ್ ಇದು. ಸುಳ್ಳು. ಸಕ್ಕರೆ ಕಾಯಿಲೆಗೆ, ತೂಕ ಇಳಿಸುವುದಕ್ಕೆ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಔಷಧಿ ಹಸಿವು ತಗ್ಗಿಸುತ್ತದೆ, ತಿಂದದ್ದು ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ತೂಕ ಇಳಿಯುವುದು ಊಟ ಕಡಿಮೆಯಾಗುವುದರಿಂದ. ವಾರಕ್ಕೆ 0.25 ಮಿ.ಗ್ರಾಂ.ನಿಂದ ಶುರು ಮಾಡಿ, 4 ವಾರದ ನಂತರ ಡೋಸ್ ಏರಿಸುವುದು ಮೈ ಒಗ್ಗಲಿ ಅಂತಲೇ.

ಹಳೇ ಲೆಕ್ಕದಲ್ಲಿ ಎರಡು ಮುದ್ದೆ ನುಂಗಿದರೆ ಹೊಟ್ಟೆ ತೊಳಸದೆ ಇರುತ್ತಾ? ಅರ್ಧ ಮುದ್ದೆ, ಬಸ್ಸಾರು ಸಾಕು. ಹೊಟ್ಟೆ ತುಂಬಿತು ಅನ್ನಿಸಿದ ಕೂಡಲೇ ಎದ್ದು ಕೈ ತೊಳೆಯಿರಿ. ಬೋಂಡ, ಬಜ್ಜಿ ಸದ್ಯಕ್ಕೆ ಬೇಡ. ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ.

ಕುಡಿದ ನೀರೂ ನಿಲ್ಲದಿದ್ದರೆ, ಅಥವಾ ಜೋರು ಹೊಟ್ಟೆನೋವು ಬೆನ್ನಿನವರೆಗೂ ಹಬ್ಬಿದರೆ, ಸುಮ್ನೆ ತಡ್ಕೊಳ್ಳಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.